ಪ್ರಾಜೆಕ್ಟ್ ಕೊಟ್ಟು ಕಲಿಸುವುದೋ, ಪಾಠ ಮಾಡಿ ಕಲಿಸುವುದೋ: ಕೆಲಸದ ತರಬೇತಿ ಆರಿಸುವವರಿಗೆ

ಸಿಬ್ಬಂದಿಯ ತರಬೇತಿಯ ಹೊಣೆ ಹೊತ್ತವರಿಗೆ ಈಗ ಎರಡು ದಿಕ್ಕಿನಿಂದ ಸಲಹೆ ಬರುತ್ತದೆ. ಕೂರಿಸಿ ಪಾಠ ಹೇಳುವ ಕಾಲ ಮುಗಿಯಿತು, ಎಲ್ಲವನ್ನೂ ಪ್ರಾಜೆಕ್ಟ್ ಮೂಲಕವೇ ಕಲಿಸಿ ಎನ್ನುತ್ತಾರೆ ಕೆಲವರು. ಕಲಿಸುವವರು ಪಡಬೇಕಾದ ಕಷ್ಟವನ್ನು ಕಲಿಯುವವರ ತಲೆಗೆ ಕಟ್ಟುವ ಉಪಾಯವಿದು ಎಂದು ಮೂಗು ಮುರಿಯುತ್ತಾರೆ ಇನ್ನು ಕೆಲವರು. ಇಬ್ಬರ ಬಳಿಯೂ ಸಂಶೋಧನೆಯ ಬೆಂಬಲವಿದೆ. ಒಬ್ಬರ ಮನಸ್ಸಿನಲ್ಲಿರುವುದು ಅನುಭವಿ ಎಂಜಿನಿಯರ್, ಇನ್ನೊಬ್ಬರ ಮನಸ್ಸಿನಲ್ಲಿರುವುದು ನಿನ್ನೆ ಸೇರಿದ ಗುಮಾಸ್ತ. ಜಗಳ ಮುಗಿಯದಿರುವುದು ಅದಕ್ಕೆ.

ಪ್ರಾಜೆಕ್ಟ್ ಎಂದು ಯಾವುದನ್ನು ಕರೆಯಬೇಕು ಎಂಬುದರಲ್ಲೂ ಗೊಂದಲವಿದೆ. ಮೂರು ದಿನದ ಕಾರ್ಯಾಗಾರದ ಕೊನೆಯ ಮಧ್ಯಾಹ್ನ ಐದೈದು ಜನರ ಗುಂಪು ಮಾಡಿ, ದೊಡ್ಡ ಹಾಳೆಯ ಮೇಲೆ ಬಣ್ಣದ ಪೆನ್ನಿನಿಂದ ಬರೆಸಿ, ಗೋಡೆಗೆ ಅಂಟಿಸಿ ಚಪ್ಪಾಳೆ ತಟ್ಟುವುದು ಪ್ರಾಜೆಕ್ಟ್ ಅಲ್ಲ, ಚಟುವಟಿಕೆ. ಅದರಿಂದ ತೊಂದರೆಯೇನೂ ಇಲ್ಲ, ಆದರೆ ಆ ಹೆಸರಿಗೆ ಅದು ಅರ್ಹವಲ್ಲ. ಕೆಲಸದ ಜಾಗದಲ್ಲಿ ಪ್ರಾಜೆಕ್ಟ್ ಆಧಾರಿತ ಕಲಿಕೆ ಎನ್ನಬೇಕಾದರೆ ನಿಜವಾದ ಒಂದು ಪ್ರಶ್ನೆ ಇರಬೇಕು, ಅದು ವಾರಗಟ್ಟಲೆ ನಡೆಯಬೇಕು, ಕೊನೆಗೆ ಕೈಗೆ ಸಿಗುವ ಫಲವೊಂದು ಇರಬೇಕು. ಆ ಫಲವನ್ನು ಒಪ್ಪಲು ಅಥವಾ ತಳ್ಳಿಹಾಕಲು ತರಬೇತಿಯ ಹೊರಗಿನ ಒಬ್ಬರು ಕಾದಿರಬೇಕು. ನಡುನಡುವೆ ನಿಂತು ಏನು ಕಲಿತೆವು ಎಂದು ನೋಡುವ ತಾಣಗಳೂ ಬೇಕು. ಈ ಕೊನೆಯದು ಇಲ್ಲದಿದ್ದರೆ ಅದು ತರಬೇತಿಯ ಹೆಸರಿನಲ್ಲಿ ಮಾಡಿಸಿದ ಹೆಚ್ಚುವರಿ ಕೆಲಸ.

ವಿಧಾನ ಹೊಸದೇನಲ್ಲ. ಅಮೆರಿಕದ ವಿಲಿಯಂ ಕಿಲ್‌ಪ್ಯಾಟ್ರಿಕ್ ಶಾಲೆಗಳಿಗಾಗಿ ಪ್ರಾಜೆಕ್ಟ್ ವಿಧಾನವನ್ನು ವಿವರಿಸಿ ಬರೆದದ್ದು 1918ರಲ್ಲಿ. ದುಡಿಯುವವರ ಜಗತ್ತಿಗೆ ಹತ್ತಿರದ ಪರಂಪರೆ ಬೇರೆಯದು: 1940ರ ದಶಕದಲ್ಲಿ ಬ್ರಿಟನ್ನಿನ ಕಲ್ಲಿದ್ದಲು ಗಣಿಗಳ ವ್ಯವಸ್ಥಾಪಕರನ್ನು ಪರಸ್ಪರರ ಸಮಸ್ಯೆಗಳ ಮೇಲೆ ಕೂರಿಸಿ ಕಲಿಸಿದ ರೆಗ್ ರೆವನ್ಸ್ ಅವರದು. ಅದೇ ದಶಕದ ಯುದ್ಧಕಾಲದಲ್ಲಿ ಅಮೆರಿಕದ ಕಾರ್ಖಾನೆಗಳು ಇದಕ್ಕೆ ತದ್ವಿರುದ್ಧವಾದ, ಹೆಜ್ಜೆ ಹೆಜ್ಜೆಯಾಗಿ ತೋರಿಸಿ ಮಾಡಿಸುವ ವಿಧಾನದಿಂದ ಹದಿನೈದು ಲಕ್ಷಕ್ಕೂ ಹೆಚ್ಚು ಮೇಲ್ವಿಚಾರಕರನ್ನು ತಯಾರು ಮಾಡಿದವು. ಎರಡೂ ಫಲ ಕೊಟ್ಟವು. ಕಲಿಸಬೇಕಾಗಿದ್ದ ಸಂಗತಿಗಳೇ ಬೇರೆಯಾಗಿದ್ದವು.

ಆರಿಸುವ ಮೊದಲು ಮೂರು ಪ್ರಶ್ನೆ

ಮೊದಲನೆಯದು ತಪ್ಪಿನ ಬೆಲೆ. ಕಲಿಯುವವರು ತಪ್ಪು ಮಾಡಿದರೆ ಆಗುವ ನಷ್ಟ ಒಂದು ಮಧ್ಯಾಹ್ನದ ಶ್ರಮವೇ, ಗ್ರಾಹಕರ ವಿಶ್ವಾಸವೇ, ಯಾರದೋ ಬೆರಳೇ? ಅಧಿಕ ವೋಲ್ಟೇಜಿನ ಪ್ಯಾನಲ್ ಬಿಚ್ಚುವುದನ್ನು ಯಾರೂ ಪ್ರಾಜೆಕ್ಟ್ ಮಾಡಿ ಕಲಿಯಬಾರದು.

ಎರಡನೆಯದು, ಉತ್ತರ ಈಗಾಗಲೇ ಗೊತ್ತಿದೆಯೇ ಎಂಬುದು. ರಜೆಯ ಅರ್ಜಿಯನ್ನು ಹೊಸ ತಂತ್ರಾಂಶದಲ್ಲಿ ಹಾಕುವ ಕ್ರಮ ಒಂದೇ. ಅದನ್ನು ಕಂಡುಹಿಡಿಯಿರಿ ಎಂದು ಬಿಡುವುದು ಸಮಯದ ದುಂದು, ಜೊತೆಗೆ ಸ್ವಲ್ಪ ಅವಮಾನ ಕೂಡ. ಆದರೆ ಗ್ರಾಹಕರ ದೂರುಗಳು ಮೂರನೆಯ ವಾರದಲ್ಲಿ ಏಕೆ ಏರುತ್ತವೆ ಎಂಬುದಕ್ಕೆ ಕೈಪಿಡಿಯಲ್ಲಿ ಉತ್ತರವಿಲ್ಲ. ಉತ್ತರ ಇಲ್ಲದ ಕಡೆ ಪ್ರಾಜೆಕ್ಟಿಗೆ ಜಾಗವಿದೆ.

ಮೂರನೆಯ ಪ್ರಶ್ನೆಯನ್ನೇ ಹೆಚ್ಚಿನವರು ದಾಟಿಬಿಡುತ್ತಾರೆ: ಕಲಿಯುವವರು ಆ ವಿಷಯಕ್ಕೆ ಎಷ್ಟು ಹೊಸಬರು? ಪೌಲ್ ಕಿರ್ಷ್ನರ್, ಜಾನ್ ಸ್ವೆಲ್ಲರ್ ಮತ್ತು ರಿಚರ್ಡ್ ಕ್ಲಾರ್ಕ್ 2006ರಲ್ಲಿ ಬರೆದ ಪ್ರಬಂಧವೊಂದು ಶಿಕ್ಷಣ ಸಂಶೋಧಕರ ನಡುವೆ ದೊಡ್ಡ ಚರ್ಚೆ ಎಬ್ಬಿಸಿತು. ಅವರ ವಾದದ ತಿರುಳು ಸರಳ. ಒಂದು ಹೊತ್ತಿನಲ್ಲಿ ಮನಸ್ಸು ಹಿಡಿದಿಟ್ಟುಕೊಳ್ಳಬಲ್ಲ ಸಂಗತಿಗಳು ಬಹಳ ಕಡಿಮೆ. ಹೊಸಬರಿಗೆ ಮಾರ್ಗದರ್ಶನವಿಲ್ಲದ ಸಮಸ್ಯೆ ಕೊಟ್ಟರೆ ದಾರಿ ಹುಡುಕುವುದರಲ್ಲೇ ಆ ಶಕ್ತಿಯೆಲ್ಲ ಸೋರಿಹೋಗಿ, ಕಲಿಯಲು ಏನೂ ಉಳಿಯುವುದಿಲ್ಲ. ಮರುವರ್ಷವೇ ಸಿಂಡಿ ಹಮೆಲೊ ಸಿಲ್ವರ್ ಮತ್ತು ಸಂಗಡಿಗರು ಉತ್ತರ ಕೊಟ್ಟರು: ಚೆನ್ನಾಗಿ ರೂಪಿಸಿದ ಸಮಸ್ಯೆ ಆಧಾರಿತ ಕಲಿಕೆಯಲ್ಲಿ ಮಾರ್ಗದರ್ಶನ ಹೇರಳವಾಗಿಯೇ ಇರುತ್ತದೆ, ಆ ಕಲಿಕೆಯನ್ನು ಮಾರ್ಗದರ್ಶನವಿಲ್ಲದ ಕಲಿಕೆಯೊಂದಿಗೆ ಒಂದೇ ಗಂಟಿಗೆ ಕಟ್ಟಬೇಡಿ. ನನ್ನ ದೃಷ್ಟಿಯಲ್ಲಿ ಈ ಎರಡನೆಯ ಮಾತು ಸರಿ. ಆದರೆ ಕಚೇರಿಗಳಲ್ಲಿ ನಡೆಯುವ ಹೆಚ್ಚಿನ ತರಬೇತಿ ಪ್ರಾಜೆಕ್ಟುಗಳು ಮೊದಲನೆಯವರು ಬಯ್ದ ಬಗೆಯವೇ. ಒಂದು ಶೀರ್ಷಿಕೆ, ಒಂದು ಗಡುವು, ಒಂದು ಶುಭಾಶಯ. ಆಮೇಲೆ ಕೊನೆಯ ದಿನವೇ ಭೇಟಿ.

ಇದಕ್ಕೆ ಇನ್ನೊಂದು ಮಗ್ಗುಲಿದೆ. ಹೊಸಬರಿಗೆ ನೆರವಾಗುವ ಬಿಡಿಬಿಡಿಯಾದ ವಿವರಣೆ ಪಳಗಿದವರಿಗೆ ಅಡ್ಡಿಯಾಗುತ್ತದೆ ಎಂಬುದನ್ನು ಸ್ಲಾವಾ ಕಲ್ಯುಗಾ ಮತ್ತು ಸಂಗಡಿಗರು 2003ರಲ್ಲಿ ವಿವರಿಸಿದ್ದಾರೆ. ಹತ್ತು ವರ್ಷ ಅದೇ ಕೆಲಸ ಮಾಡಿದವರನ್ನು ಕೂರಿಸಿ ಸ್ಲೈಡ್ ಓದಿದರೆ ಅವರು ಆಕಳಿಸುವುದಕ್ಕೆ ಶಿಸ್ತಿನ ಕೊರತೆ ಕಾರಣವಲ್ಲ.

ತರಗತಿಯ ಎದುರು ಪ್ರಾಜೆಕ್ಟ್

ತರಗತಿಗೆ ಈಗ ಕೆಟ್ಟ ಹೆಸರು. ಅದಕ್ಕೆ ಸಲ್ಲಬೇಕಾದ್ದನ್ನು ಸಲ್ಲಿಸೋಣ. ಸಾಮಾನ್ಯ ಶಬ್ದಸಂಪತ್ತು, ನಿಯಮ, ಒಂದು ಕ್ಷೇತ್ರದ ನಕಾಶೆ ಇವನ್ನು ಕಡಿಮೆ ಸಮಯದಲ್ಲಿ ಬಹಳ ಜನರಿಗೆ ತಲುಪಿಸಲು ಒಳ್ಳೆಯ ಉಪನ್ಯಾಸಕ್ಕಿಂತ ಅಗ್ಗದ ದಾರಿ ಇಲ್ಲ. ಅದರ ಜೊತೆಗೆ ಬಿಡಿಸಿದ ಉದಾಹರಣೆಗಳನ್ನು ಸೇರಿಸಿದರೆ ಬಲ ಹೆಚ್ಚುತ್ತದೆ. ಬೀಜಗಣಿತ ಕಲಿಯುವವರ ಮೇಲೆ ಸ್ವೆಲ್ಲರ್ ಮತ್ತು ಕೂಪರ್ 1985ರಲ್ಲಿ ತೋರಿಸಿದ್ದು ಇದನ್ನೇ: ಪೂರ್ತಿ ಬಿಡಿಸಿದ ಲೆಕ್ಕಗಳನ್ನು ಓದಿದ ಹೊಸಬರು, ತಾವೇ ಹೆಣಗಾಡಿದವರಿಗಿಂತ ಕಡಿಮೆ ಸಮಯದಲ್ಲಿ ಅದೇ ಬಗೆಯ ಲೆಕ್ಕಗಳನ್ನು ಬಿಡಿಸಿದರು. ಕೆಲಸದ ಜಾಗಕ್ಕೆ ತಂದರೆ, ಒಳ್ಳೆಯ ವರದಿ ಹೇಗಿರುತ್ತದೆ ಎಂದು ನಾಲ್ಕು ಹಳೆಯ ವರದಿಗಳನ್ನು ಇಟ್ಟು, ಈ ವಾಕ್ಯ ಇಲ್ಲೇಕೆ ಬಂತು, ಈ ಕೋಷ್ಟಕವನ್ನು ಏಕೆ ಬಿಟ್ಟರು ಎಂದು ಬಿಡಿಸಿ ಹೇಳುವುದು. ಇದನ್ನು ಮಾಡದೆ ನೇರವಾಗಿ ವರದಿ ಬರೆಯಿರಿ ಎನ್ನುವ ಪ್ರಾಜೆಕ್ಟಿಗಿಂತ ಆ ಎರಡು ಗಂಟೆ ಹೆಚ್ಚು ಕಲಿಸುತ್ತದೆ.

ತರಗತಿ ಸೋಲುವುದು ಹೊಸಿಲಿನಾಚೆ. ಅಲ್ಲಿ ಸಿಗುವ ಸಮಸ್ಯೆಗೆ ಮೊದಲೇ ಹೆಸರಿಟ್ಟಿರುತ್ತದೆ: ಇಂದಿನ ಪಾಠ ಬೆಲೆ ನಿಗದಿ, ಆದ್ದರಿಂದ ಇಂದಿನ ಲೆಕ್ಕವೂ ಬೆಲೆ ನಿಗದಿಯದೇ. ಕೆಲಸಕ್ಕೆ ಮರಳಿದಾಗ ಸಮಸ್ಯೆಯ ಹಣೆಯ ಮೇಲೆ ಹೆಸರು ಬರೆದಿರುವುದಿಲ್ಲ. ಮಾರಾಟ ಇಳಿದಿದೆ, ಅದು ಬೆಲೆಯ ತೊಂದರೆಯೋ, ಸರಬರಾಜಿನದೋ, ಒಬ್ಬ ಮಾರಾಟಗಾರನ ಬೇಸರವೋ? ಯಾವ ಉಪಕರಣವನ್ನು ಕೈಗೆತ್ತಿಕೊಳ್ಳಬೇಕು ಎಂಬ ಈ ವಿವೇಚನೆಯನ್ನು ತರಗತಿ ಕಲಿಸಲಾರದು, ಪ್ರಾಜೆಕ್ಟ್ ಕಲಿಸಬಲ್ಲದು. ಪ್ರಾಜೆಕ್ಟಿನ ಪರವಾಗಿ ನನಗೆ ತಿಳಿದ ಅತ್ಯಂತ ಗಟ್ಟಿಯಾದ ಕಾರಣ ಇದೇ. ಉತ್ಸಾಹ ಹೆಚ್ಚುತ್ತದೆ, ತಂಡದ ಭಾವ ಬೆಳೆಯುತ್ತದೆ ಎಂಬ ಕಾರಣಗಳು ಪ್ರವಾಸಕ್ಕೂ ಅನ್ವಯಿಸುತ್ತವೆ.

ಆನ್‌ಲೈನ್ ಪಾಠಗಳ ಜೊತೆಗಿನ ಹೋಲಿಕೆಯಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾಗಿಲ್ಲ. ಕಾನೂನು ಬದಲಾಯಿತು, ನಿಯಮ ಬದಲಾಯಿತು, ಎಲ್ಲರಿಗೂ ತಿಳಿಸಿದ ದಾಖಲೆ ಬೇಕು ಎಂದಾದರೆ ಅವು ಸಾಕು. ನಡುನಡುವೆ ಪ್ರಶ್ನೆ ಕೇಳಿ ನೆನಪಿನಿಂದ ಉತ್ತರ ಹೇಳಿಸುವ ಪಾಠಗಳು ಬರೀ ಓದಿಸುವವುಗಳಿಗಿಂತ ಮೇಲು. ವಿವೇಚನೆ ಬೇಕಾದ ಕೆಲಸಕ್ಕೆ ಇವನ್ನು ನೆಚ್ಚಬೇಡಿ.

ಪ್ರಕರಣ, ಸಿಮ್ಯುಲೇಟರ್, ಹಿರಿಯರ ಜೊತೆ

ಬರೆದಿಟ್ಟ ಸನ್ನಿವೇಶವೊಂದನ್ನು ಓದಿ, ಏನು ಮಾಡಬೇಕೆಂದು ಚರ್ಚಿಸುವ ಪ್ರಕರಣ ಅಧ್ಯಯನವನ್ನು ಹಾರ್ವರ್ಡ್‌ನ ಬಿಸಿನೆಸ್ ಶಾಲೆ 1920ರ ದಶಕದಲ್ಲಿ ತನ್ನ ಮುಖ್ಯ ವಿಧಾನ ಮಾಡಿಕೊಂಡಿತು. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆ 1969ರಲ್ಲಿ ತನ್ನ ಮೊದಲ ವಿದ್ಯಾರ್ಥಿಗಳನ್ನು ರೋಗಿಯ ಸಮಸ್ಯೆಗಳ ಮುಂದೆ ಕೂರಿಸಿಯೇ ಪಾಠ ಆರಂಭಿಸಿತು. ಇವು ಪ್ರಾಜೆಕ್ಟಿನ ಸೋದರರು, ಆದರೆ ಸ್ವಭಾವ ಬೇರೆ. ಪ್ರಕರಣದಲ್ಲಿ ಬೇಕಾದ ಮಾಹಿತಿಯನ್ನು ಬರೆದವರು ಮೊದಲೇ ಹೆಕ್ಕಿ ಇಟ್ಟಿರುತ್ತಾರೆ, ಹಾಗಾಗಿ ಒಂದು ದಿನದಲ್ಲಿ ಮೂರು ಸನ್ನಿವೇಶಗಳನ್ನು ಚರ್ಚಿಸಬಹುದು. ಪ್ರಾಜೆಕ್ಟಿನಲ್ಲಿ ಅರ್ಧ ಶ್ರಮ ಹೋಗುವುದೇ ಮಾಹಿತಿ ಪಡೆಯುವುದಕ್ಕೆ: ಯಾರ ಬಳಿ ಇದೆ, ಅವರು ಏಕೆ ಕೊಡುತ್ತಿಲ್ಲ, ಕೊಟ್ಟ ಪಟ್ಟಿಯಲ್ಲಿ ಒಂದೇ ಗ್ರಾಹಕರ ಹೆಸರು ಎರಡು ಬಗೆಯಲ್ಲಿ ಏಕಿದೆ. ಇದೂ ಕಲಿಕೆಯ ಭಾಗ ಎಂದು ನಿಮಗೆ ಅನ್ನಿಸಿದರೆ ಪ್ರಾಜೆಕ್ಟ್ ಕೊಡಿ. ನಿರ್ಧಾರ ತೆಗೆದುಕೊಳ್ಳುವ ಬುದ್ಧಿಯನ್ನಷ್ಟೇ ಹರಿತ ಮಾಡಬೇಕಿದ್ದರೆ ಪ್ರಕರಣಗಳು ಮಿತವ್ಯಯ.

ಸಿಮ್ಯುಲೇಟರಿನ ಗುಣ ಮರುಕಳಿಕೆ. ಎಡ್ವಿನ್ ಲಿಂಕ್ 1929ರಲ್ಲಿ ಕಟ್ಟಿದ ವಿಮಾನ ತರಬೇತಿ ಯಂತ್ರದಿಂದ ಇಂದಿನ ಆಸ್ಪತ್ರೆಗಳ ಗೊಂಬೆ ರೋಗಿಯವರೆಗೆ ಎಲ್ಲದರ ತರ್ಕ ಒಂದೇ: ನಿಜ ಜೀವನದಲ್ಲಿ ವರ್ಷಕ್ಕೊಮ್ಮೆ ಬರುವ ಗಂಡಾಂತರವನ್ನು ಒಂದೇ ಬೆಳಿಗ್ಗೆ ಹತ್ತು ಸಲ ತರಬಹುದು, ಯಾರೂ ಸಾಯುವುದಿಲ್ಲ. ಪ್ರಾಜೆಕ್ಟಿನಲ್ಲಿ ಪ್ರತಿಯೊಂದೂ ಒಂದೊಂದೇ ಸಲ ಬರುತ್ತದೆ. ಒಂದು ಸಲ ಮಾಡಿದ್ದು ಕೌಶಲವಾಗುವುದಿಲ್ಲ. ಕೋಪಗೊಂಡ ಗ್ರಾಹಕರೊಂದಿಗೆ ಮಾತಾಡುವುದನ್ನು ಕಲಿಸಲು ದೊಡ್ಡ ಯಂತ್ರವೂ ಬೇಕಿಲ್ಲ. ಎದುರು ಕುರ್ಚಿಯಲ್ಲಿ ಕೂತು ಚೆನ್ನಾಗಿ ರೇಗಬಲ್ಲ ಸಹೋದ್ಯೋಗಿಯೊಬ್ಬರಿದ್ದರೆ ಸಾಕು.

ಕೈಕೆಲಸದಂಥ, ಕ್ರಮ ಗೊತ್ತಿರುವ ಕೆಲಸಗಳಿಗೆ ಮೇಲೆ ಹೇಳಿದ ಯುದ್ಧಕಾಲದ ವಿಧಾನವೇ ಇಂದಿಗೂ ಸರಿ. ಅದರ ನಾಲ್ಕು ಹೆಜ್ಜೆಗಳೆಂದರೆ ಕಲಿಯುವವರನ್ನು ಅಣಿಗೊಳಿಸುವುದು, ತೋರಿಸಿ ವಿವರಿಸುವುದು, ಅವರ ಕೈಯಲ್ಲೇ ಮಾಡಿಸುವುದು, ಆಮೇಲೆ ಆಗಾಗ ಹೋಗಿ ನೋಡುವುದು. ಈ ನಾಲ್ಕನೆಯದನ್ನು ಬಿಟ್ಟವರೇ ಹೆಚ್ಚು. ಹಿರಿಯರ ಪಕ್ಕದಲ್ಲಿ ಕೂತು ಕಲಿಯುವುದಕ್ಕೂ ಒಂದು ಮಿತಿಯಿದೆ: ಪಳಗಿದವರ ಕೈ ಕಾಣುತ್ತದೆ, ಯೋಚನೆ ಕಾಣುವುದಿಲ್ಲ. ಯೋಚಿಸುತ್ತಿರುವುದನ್ನು ಬಾಯಿಬಿಟ್ಟು ಹೇಳುತ್ತ ಕೆಲಸ ಮಾಡಲು ಹಿರಿಯರಿಗೇ ಮೊದಲು ತರಬೇತಿ ಬೇಕಾಗಬಹುದು.

ರೆವನ್ಸ್ ಅವರ ಕ್ರಿಯಾಕಲಿಕೆಯನ್ನು ಪ್ರಾಜೆಕ್ಟ್ ಎಂದೇ ಭಾವಿಸುವವರಿದ್ದಾರೆ. ಅಲ್ಲಿ ಪ್ರತಿಯೊಬ್ಬರೂ ತಮ್ಮದೇ ತಲೆನೋವನ್ನು ಸಣ್ಣ ಬಳಗದ ಮುಂದಿಡುತ್ತಾರೆ. ಬಳಗದವರ ಮುಖ್ಯ ಕೆಲಸ ಪ್ರಶ್ನೆ ಕೇಳುವುದು, ಸಲಹೆಯ ಮಳೆ ಸುರಿಸುವುದಲ್ಲ. ಕಲಿಕೆಯೆಂದರೆ ಸಿದ್ಧಜ್ಞಾನ ಮತ್ತು ಪ್ರಶ್ನಿಸುವಿಕೆಗಳ ಮೊತ್ತ ಎಂದು ಅವರು ಸೂತ್ರವನ್ನೇ ಬರೆದರು. ಹಿರಿಯ ವ್ಯವಸ್ಥಾಪಕರಿಗೆ ಇದು ಪ್ರಾಜೆಕ್ಟಿಗಿಂತ ಚೆನ್ನಾಗಿ ಒಗ್ಗುತ್ತದೆ. ಅವರಿಗೆ ಹೊಸ ಪ್ರಾಜೆಕ್ಟ್ ಕೊಟ್ಟರೆ ಅದನ್ನು ತಮ್ಮ ಕೆಳಗಿನವರಿಗೆ ವರ್ಗಾಯಿಸುವ ಕಲೆಯನ್ನಷ್ಟೇ ಇನ್ನೊಮ್ಮೆ ಅಭ್ಯಾಸ ಮಾಡುತ್ತಾರೆ.

ಪ್ರಾಜೆಕ್ಟೇ ಸರಿ ಎಂದಾದರೆ, ಯಾವ ಪ್ರಾಜೆಕ್ಟ್?

ನನ್ನ ಅಭಿಪ್ರಾಯದಲ್ಲಿ ನಿಜವಾದ ಆಯ್ಕೆ ಇರುವುದು ಇಲ್ಲಿ. ಪ್ರಾಜೆಕ್ಟೋ ತರಗತಿಯೋ ಎಂದು ತಿಂಗಳುಗಟ್ಟಲೆ ಚರ್ಚಿಸುವ ಸಂಸ್ಥೆಗಳು, ಪ್ರಾಜೆಕ್ಟ್ ಎಂದು ತೀರ್ಮಾನವಾದ ಮೇಲೆ ವಿಷಯವನ್ನು ಹತ್ತು ನಿಮಿಷದಲ್ಲಿ ಆರಿಸಿಬಿಡುತ್ತವೆ. ಕೇಳಬೇಕಾದ ಪ್ರಶ್ನೆ ಇದು: ಫಲ ಯಾರಿಗೆ ಬೇಕು, ಯಾವಾಗ ಬೇಕು?

ಯಾರಿಗೂ ಬೇಡವಾದ ಪ್ರಾಜೆಕ್ಟುಗಳಿವೆ. ಕಲ್ಪಿತ ಕಂಪನಿ, ಕಲ್ಪಿತ ಗ್ರಾಹಕ, ಹಳೆಯ ಅಂಕಿಅಂಶ. ಇವು ಸುರಕ್ಷಿತ, ಅಳೆಯಲು ಸುಲಭ, ಪ್ರತಿ ತಂಡಕ್ಕೂ ಅದನ್ನೇ ಕೊಡಬಹುದು. ಮೊದಲ ಹಂತದ ಅಭ್ಯಾಸಕ್ಕೆ ಇವುಗಳಿಗಿಂತ ಅನುಕೂಲದ್ದು ಬೇರೆ ಇಲ್ಲ. ಆದರೆ ಫಲವನ್ನು ಕೊನೆಗೆ ಕಡತಕ್ಕೆ ಸೇರಿಸುತ್ತಾರೆ ಎಂಬುದು ಕಲಿಯುವವರಿಗೆ ಎರಡನೆಯ ದಿನವೇ ಗೊತ್ತಾಗುತ್ತದೆ, ಅಲ್ಲಿಂದ ಮುಂದೆ ಅವರು ತರಬೇತುದಾರರನ್ನು ಮೆಚ್ಚಿಸಲು ಬರೆಯುತ್ತಾರೆ.

ಇನ್ನೊಂದು ತುದಿಯಲ್ಲಿ ನಾಳೆಯೇ ಬೇಕಾದ ಪ್ರಾಜೆಕ್ಟ್. ಗ್ರಾಹಕರು ಕಾದಿದ್ದಾರೆ, ದಿನಾಂಕ ಘೋಷಣೆಯಾಗಿದೆ, ತರಬೇತಿಯೂ ಆದಂತಾಯಿತು ಕೆಲಸವೂ ಆದಂತಾಯಿತು ಎಂಬ ಆಸೆ. ಇಲ್ಲಿ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುತ್ತದೆ: ತರಬೇತುದಾರರು ಹೊಸಬರ ಕೈಗೆ ಕೆಲಸ ಕೊಡಿ ಎನ್ನುತ್ತಾರೆ, ಮೇಲ್ವಿಚಾರಕರು ಬಲ್ಲವರಿಂದ ಬೇಗ ಮುಗಿಸಿ ಎನ್ನುತ್ತಾರೆ. ಗಡುವು ಹತ್ತಿರ ಬಂದಂತೆ ಗೆಲ್ಲುವವರು ಮೇಲ್ವಿಚಾರಕರೇ. ಅವರನ್ನು ದೂರಿ ಫಲವಿಲ್ಲ, ಅವರ ಮೌಲ್ಯಮಾಪನ ನಡೆಯುವುದು ಆ ಗಡುವಿನ ಮೇಲೆ.

ನಾನು ಆರಿಸುವುದು ನಡುವಿನದನ್ನು: ಯಾರಿಗೋ ನಿಜವಾಗಿ ಬೇಕು, ಆದರೆ ಈ ತಿಂಗಳೇ ಬೇಕಾಗಿಲ್ಲ. ಪ್ರತಿ ವಿಭಾಗದಲ್ಲೂ ಬಿಡುವಾದಾಗ ಮಾಡೋಣ ಎಂದು ಮುಂದೂಡಿದ ಕೆಲಸಗಳ ಪಟ್ಟಿಯೊಂದು ಇರುತ್ತದೆ, ಬರೆದದ್ದಲ್ಲದಿದ್ದರೂ ಮನಸ್ಸಿನಲ್ಲಾದರೂ. ಮರಳಿ ಬರುವ ಸರಕುಗಳಿಗೆ ಕಾರಣವೇನೆಂದು ಯಾರೂ ವಿಂಗಡಿಸಿಲ್ಲ. ಹೊಸಬರಿಗೆ ಕೊಡುವ ಕೈಪಿಡಿ ಹಳತಾಗಿದೆ. ಎರಡು ಪಾಳಿಗಳ ನಡುವೆ ಮಾಹಿತಿ ಹಸ್ತಾಂತರಿಸುವಾಗ ಏನೋ ಬಿಟ್ಟುಹೋಗುತ್ತಿದೆ. ಇಂಥವುಗಳಿಗೆ ಒಬ್ಬ ಒಡೆಯರಿರುತ್ತಾರೆ, ಅವರು ಫಲವನ್ನು ಕುತೂಹಲದಿಂದ ನೋಡುತ್ತಾರೆ, ತಡವಾದರೆ ಆಕಾಶ ಕಳಚಿ ಬೀಳುವುದಿಲ್ಲ. ಆ ಒಡೆಯರಿಂದ ಎರಡು ಮಾತು ಮೊದಲೇ ಪಡೆಯಿರಿ. ನಡುವೆ ಕನಿಷ್ಠ ಎರಡು ಸಲ ಬಂದು ನೋಡುತ್ತೇನೆ ಎಂಬುದು ಒಂದು. ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲ ಎಂದೇ ಹೇಳುತ್ತೇನೆ ಎಂಬುದು ಇನ್ನೊಂದು. ಕೊನೆಯ ದಿನ ಎಲ್ಲವನ್ನೂ ಹೊಗಳುವ ಅತಿಥಿಯಿಂದ ಯಾರಿಗೂ ಪ್ರಯೋಜನವಿಲ್ಲ.

ಸಮಯದ ವಿಷಯದಲ್ಲಿ ಮೃದುವಾಗಬೇಡಿ. ದಿನನಿತ್ಯದ ಕೆಲಸ ಮಾಡುತ್ತಲೇ ಸಂಜೆಗೆ ಪ್ರಾಜೆಕ್ಟ್ ಎಂದರೆ ಮನೆಯಲ್ಲಿ ಹೊಣೆ ಹೆಚ್ಚಿರುವವರು ಮೊದಲು ಹಿಂದೆ ಬೀಳುತ್ತಾರೆ. ವಾರಕ್ಕೆ ಅರ್ಧ ದಿನವನ್ನಾದರೂ ಮೇಲ್ವಿಚಾರಕರು ಬರೆದುಕೊಟ್ಟು ಬಿಡುವು ಮಾಡದಿದ್ದರೆ ಪ್ರಾಜೆಕ್ಟಿನ ಯೋಚನೆಯನ್ನೇ ಬಿಟ್ಟು ಪ್ರಕರಣಗಳ ಎರಡು ದಿನದ ತರಗತಿ ಮಾಡಿ. ಅದು ಹೆಚ್ಚು ಪ್ರಾಮಾಣಿಕ ಆಯ್ಕೆ.

ಗುಂಪಿನ ವಿಷಯ ಇನ್ನೂ ಸೂಕ್ಷ್ಮ. ನಾಲ್ವರಿಗೆ ಒಂದು ಕೆಲಸ ಕೊಟ್ಟರೆ ಅವರು ಸಹಜವಾಗಿಯೇ ಬಲ್ಲ ಕೆಲಸವನ್ನು ಬಲ್ಲವರಿಗೆ ಹಂಚಿಕೊಳ್ಳುತ್ತಾರೆ: ಎಕ್ಸೆಲ್ ಬಲ್ಲವರು ಎಕ್ಸೆಲ್ ಮಾಡುತ್ತಾರೆ, ಮಾತುಗಾರರು ಮಂಡಿಸುತ್ತಾರೆ. ಫಲ ಸುಂದರವಾಗಿ ಬರುತ್ತದೆ, ಯಾರೂ ಹೊಸದೇನನ್ನೂ ಕಲಿತಿರುವುದಿಲ್ಲ. ಪರಿಹಾರ ಕಷ್ಟವಲ್ಲ. ಬಾರದ ಕೆಲಸವನ್ನು ಬಾರದವರಿಗೇ ಒಪ್ಪಿಸಿ, ಬಲ್ಲವರನ್ನು ಅವರ ಪಕ್ಕದಲ್ಲಿ ಕೂರಿಸಿ, ಕೀಲಿಮಣೆ ಮುಟ್ಟುವಂತಿಲ್ಲ ಎನ್ನಿ. ಕೊನೆಯ ಮಂಡನೆಯಲ್ಲಿ ಯಾವ ಭಾಗದ ಬಗ್ಗೆ ಯಾರನ್ನಾದರೂ ಕೇಳಬಹುದು ಎಂದು ಮೊದಲ ದಿನವೇ ತಿಳಿಸಿ. ವೇಗ ಕುಗ್ಗುತ್ತದೆ. ಗಡುವು ಸಡಿಲವಿರುವ ಪ್ರಾಜೆಕ್ಟನ್ನು ಆರಿಸಿದ್ದು ಇದಕ್ಕಾಗಿಯೇ.

ಬೆರೆಸುವುದಾದರೆ

ಹಾಲೆಂಡಿನ ಯೆರೂನ್ ವಾನ್ ಮೆರಿಯೆನ್‌ಬೋರ್ 1990ರ ದಶಕದಲ್ಲಿ ರೂಪಿಸಿದ ವಿನ್ಯಾಸವೊಂದು ಈ ಜಗಳವನ್ನು ಬಹಳಮಟ್ಟಿಗೆ ಬಗೆಹರಿಸುತ್ತದೆ. ಮೊದಲಿನಿಂದಲೂ ಇಡಿಯಾದ ಕೆಲಸವನ್ನೇ ಕೊಡಿ, ಆದರೆ ಅದರ ಸರಳ ರೂಪವನ್ನು ಮೊದಲು ಕೊಡಿ. ನೆರವು ಮೊದಮೊದಲು ಧಾರಾಳ, ಬರಬರುತ್ತ ಕಡಿಮೆ. ಹಿನ್ನೆಲೆಯ ತಿಳಿವಳಿಕೆ ಮುಂಚೆಯೇ, ಹೆಜ್ಜೆಗಳ ವಿವರ ಬೇಕಾದ ಗಳಿಗೆಯಲ್ಲಿ. ಯಾಂತ್ರಿಕವಾಗಿ ಬರಬೇಕಾದ ತುಣುಕುಗಳಿಗೆ ಪ್ರತ್ಯೇಕ ಅಭ್ಯಾಸ. ದಾಸ್ತಾನು ವಿಭಾಗದವರಿಗೆ ಅಂಕಿಅಂಶ ವಿಶ್ಲೇಷಣೆ ಕಲಿಸಬೇಕು ಎಂದುಕೊಳ್ಳಿ. ಮೊದಲ ವಾರ ಮುಗಿಸಿದ ವಿಶ್ಲೇಷಣೆಯೊಂದನ್ನು ಬಿಡಿಸಿ ಓದುವುದು. ಮುಂದೆ ಅರ್ಧ ಮಾಡಿಟ್ಟದ್ದನ್ನು ಅವರು ಪೂರ್ತಿಗೊಳಿಸುವುದು. ಆಮೇಲೆ ಹಳೆಯ ಅಂಕಿಅಂಶದ ಮೇಲೆ ಪೂರ್ತಿ ಅವರದೇ ಪ್ರಯತ್ನ. ಸೂತ್ರ ಬರೆಯುವ ಅಭ್ಯಾಸ ದಿನಕ್ಕೆ ಹದಿನೈದು ನಿಮಿಷ ಬೇರೆಯಾಗಿ. ನಿಜವಾದ ಪ್ರಾಜೆಕ್ಟ್ ಬರುವುದು ಇದೆಲ್ಲ ಆದ ಮೇಲೆ, ಆಗ ಅದು ಯಾರನ್ನೂ ಮುಳುಗಿಸುವುದಿಲ್ಲ.

ಈ ಹಂತದಲ್ಲಿ ಯಾರಾದರೂ 70:20:10 ಎಂಬ ಅನುಪಾತವನ್ನು ಮುಂದಿಟ್ಟು, ಕಲಿಕೆಯ ಎಪ್ಪತ್ತು ಭಾಗ ಕೆಲಸದಿಂದಲೇ, ಇಪ್ಪತ್ತು ಇತರರಿಂದ, ಹತ್ತು ಮಾತ್ರ ತರಗತಿಯಿಂದ ಬರುತ್ತದಲ್ಲ ಎನ್ನಬಹುದು. ಅದರ ಮೂಲ 1980ರ ದಶಕದಲ್ಲಿ ಅಮೆರಿಕದ ಸೆಂಟರ್ ಫಾರ್ ಕ್ರಿಯೇಟಿವ್ ಲೀಡರ್‌ಶಿಪ್‌ನವರು ಯಶಸ್ವಿ ಅಧಿಕಾರಿಗಳನ್ನು ನೀವು ಎಲ್ಲಿ ಕಲಿತಿರಿ ಎಂದು ಕೇಳಿದ್ದರಲ್ಲಿದೆ. ಅದು ಎತ್ತರಕ್ಕೆ ಏರಿದವರ ನೆನಪು. ಹೊಸ ಗುಮಾಸ್ತರ ತರಬೇತಿಗೆ ಅಳತೆಗೋಲಾಗಲು ಆ ಲೆಕ್ಕ ಹುಟ್ಟಿದ್ದಲ್ಲ.

ಅಳೆಯುವಾಗ

ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ಮುಂದಿಟ್ಟ ನಾಲ್ಕು ಮಟ್ಟಗಳನ್ನು ತರಬೇತಿಯವರೆಲ್ಲ ಬಲ್ಲರು: ಮೆಚ್ಚಿದರೇ, ಕಲಿತರೇ, ನಡವಳಿಕೆ ಬದಲಾಯಿತೇ, ಸಂಸ್ಥೆಗೆ ಫಲ ಬಂದಿತೇ. ತರಗತಿಯವರು ಮೊದಲ ಮಟ್ಟದಲ್ಲೇ ನಿಂತುಬಿಡುತ್ತಾರೆ ಎಂಬ ದೂರಿದೆ. ಪ್ರಾಜೆಕ್ಟಿನವರ ದೋಷ ಇದಕ್ಕೆ ವಿರುದ್ಧವಾದದ್ದು, ಅವರು ನೇರವಾಗಿ ನಾಲ್ಕನೆಯದಕ್ಕೆ ಹಾರುತ್ತಾರೆ. ಪ್ರಾಜೆಕ್ಟ್ ಇಷ್ಟು ಉಳಿಸಿತು, ಆದ್ದರಿಂದ ತರಬೇತಿ ಗೆದ್ದಿತು. ಉಳಿಸಿದ್ದು ನಿಜವಿರಬಹುದು, ಉಳಿಸಿದವರು ಮೊದಲೇ ಬಲ್ಲವರಾಗಿದ್ದರೆ ತರಬೇತಿಗೆ ಅದರಲ್ಲಿ ಪಾಲಿಲ್ಲ. ಎರಡು ತಿಂಗಳ ನಂತರ ಪ್ರತಿಯೊಬ್ಬರಿಗೂ ಬೇರೆ ವಿಷಯದ, ಅದೇ ಬಗೆಯ ಒಂದು ಸಣ್ಣ ಕೆಲಸವನ್ನು ಒಂಟಿಯಾಗಿ ಮಾಡಲು ಕೊಡಿ. ಆ ಅರ್ಧ ದಿನ ಹೇಳುವಷ್ಟನ್ನು ಯಾವ ಅಂತಿಮ ಮಂಡನೆಯೂ ಹೇಳುವುದಿಲ್ಲ.

ಅರ್ಧದಲ್ಲೇ ನಿಂತುಹೋಗುವ ಪ್ರಾಜೆಕ್ಟುಗಳೂ ಇರುತ್ತವೆ: ಒಡೆಯರಿಗೆ ವರ್ಗವಾಯಿತು, ಅಂಕಿಅಂಶ ಸಿಗಲಿಲ್ಲ, ಸಮಸ್ಯೆಯೇ ಬೇರೆ ಎಂದು ಗೊತ್ತಾಯಿತು. ಇವನ್ನು ಸದ್ದಿಲ್ಲದೆ ಮುಚ್ಚಿಹಾಕುವುದು ರೂಢಿ. ಬದಲಿಗೆ ಅಮೆರಿಕದ ಸೇನೆ 1970ರ ದಶಕದಿಂದ ತನ್ನ ತಾಲೀಮುಗಳ ಕೊನೆಗೆ ಬಳಸುತ್ತಿರುವ ಪರಾಮರ್ಶೆಯ ಕ್ರಮವನ್ನು ಎರವಲು ಪಡೆಯಬಹುದು. ಏನಾಗಬೇಕಿತ್ತು, ಏನಾಯಿತು, ಏಕೆ ಹಾಗಾಯಿತು, ಮುಂದಿನ ಸಲ ಏನನ್ನು ಉಳಿಸಿಕೊಳ್ಳಬೇಕು, ಏನನ್ನು ಬದಲಿಸಬೇಕು ಎಂದು ಒಂದು ಗಂಟೆ ಕೂತು ಮಾತಾಡಿದರೆ ಸಾಕು. ಕಲಿಯುವವರಲ್ಲಿ ಅತ್ಯಂತ ಕಿರಿಯರು ಮೊದಲು ಮಾತಾಡಲಿ. ಮೇಲ್ವಿಚಾರಕರು ಬಂದರೆ ಕೊನೆಯ ಕಾಲು ಗಂಟೆಗೆ ಬರಲಿ, ಬರುವಾಗ ಮೌಲ್ಯಮಾಪನದ ನಮೂನೆಯನ್ನು ತಮ್ಮ ಮೇಜಿನ ಮೇಲೇ ಬಿಟ್ಟು ಬರಲಿ.